ಕಿಡ್ನಿ ಕಲ್ಲಿಗೆ ಸಿಟಿ ಸ್ಕ್ಯಾನ್: ಕಿರಣ ಕಡಿಮೆ ಮಾಡಿಸುವುದು ಹೇಗೆ?

ಕೋಲಾರದ ಮಂಡಿಯಲ್ಲಿ ಟೊಮೆಟೊ ಬಾಕ್ಸ್ ಹೊರುವವರಿಗೆ ಸೊಂಟನೋವು ಹೊಸದಲ್ಲ. ಆದರೆ ಪಕ್ಕೆಯಲ್ಲಿ ಹುಟ್ಟಿ ತೊಡೆಸಂದಿಗೆ ಇಳಿಯುವ, ಕೂತರೂ ಮಲಗಿದರೂ ಬಿಡದ ನೋವು ಬಂದರೆ ಕಲ್ಲಿನ ಅನುಮಾನ. ಬಾಳೆದಿಂಡಿನ ರಸ ಕುಡಿದು ನೋಡಿ, ಬಗ್ಗದಿದ್ದರೆ ಸ್ಕ್ಯಾನಿಂಗಿಗೆ ಓಡುತ್ತೇವೆ. ಕಲ್ಲು ಹಿಡಿಯುವುದರಲ್ಲಿ, ಎಕ್ಸ್-ರೇ ಕಿರಣ ಹಾಯಿಸಿ ಮೈಯೊಳಗಿನ ಚಿತ್ರವನ್ನು ಪದರಪದರವಾಗಿ ತೆಗೆಯುವ ಸಿಟಿ ಸ್ಕ್ಯಾನನ್ನು ಮೀರಿಸಿದ್ದಿಲ್ಲ. ಆದರೆ ಕಲ್ಲು ಒಮ್ಮೆ ಬಂದವರಿಗೆ ಮತ್ತೆ ಬರಬಹುದು. ಪ್ರತಿ ಸಲವೂ ಸಿಟಿ ಎಂದರೆ ಕಿರಣದ ಲೆಕ್ಕ ಜಾಸ್ತಿಯಾಗುತ್ತದೆ, ಅಲ್ವಾ?

ಮೊದಲು ಅಲ್ಟ್ರಾಸೌಂಡ್ ಸಾಕಾಗುತ್ತದಾ ಎಂದು ಡಾಕ್ಟರನ್ನು ಕೇಳಿ. ಅದರಲ್ಲಿ ಎಕ್ಸ್-ರೇ ಇಲ್ಲವೇ ಇಲ್ಲ. ಗರ್ಭಿಣಿಯರಿಗೆ, ಮಕ್ಕಳಿಗೆ ಅದೇ ಮೊದಲು. ಮೂತ್ರನಾಳದ ನಡುವೆ ಸಿಕ್ಕಿಕೊಂಡ ಸಣ್ಣ ಕಲ್ಲು ಮಾತ್ರ ಅದರ ಕಣ್ಣು ತಪ್ಪಿಸಬಹುದು. ನೋವಿನ ಜೊತೆ ಚಳಿಜ್ವರ ಇದ್ದರೆ, ಇರುವುದೇ ಒಂದು ಕಿಡ್ನಿಯಾದರೆ, ಡಾಕ್ಟರು ಸಿಟಿ ಎಂದಾಗ ಸುಮ್ನೆ ಮಾಡಿಸಿ. ಅಲ್ಲಿ ಚೌಕಾಸಿ ಬೇಡ.

ಸಿಟಿ ಬೇಕೇ ಬೇಕು ಎಂದಾದರೆ ‘ಲೋ ಡೋಸ್ ಪ್ಲೇನ್ ಕೆಯುಬಿ’ ಬರೆದುಕೊಡುತ್ತೀರಾ ಎಂದು ಕೇಳಿ. ಅಂದರೆ ಕಿಡ್ನಿ, ಮೂತ್ರನಾಳ, ಮೂತ್ರಕೋಶಕ್ಕೆ ಮಾತ್ರ, ಕಡಿಮೆ ಕಿರಣದಲ್ಲಿ, ಬಣ್ಣದ ಔಷಧಿ ಚುಚ್ಚದೆ ಮಾಡುವ ಸಿಟಿ. ಮಾಮೂಲಿ ಸಿಟಿಯಲ್ಲಿ ಸುಮಾರು 10 ಮಿಲಿಸೀವರ್ಟ್ (ಮೈಗೆ ತಗಲುವ ಕಿರಣದ ಅಳತೆ) ಆಗುವ ಕಡೆ, ಇದರಲ್ಲಿ 3ರ ಆಸುಪಾಸಿಗೆ ಇಳಿಸಬಹುದು. ಮಣ್ಣು, ಆಕಾಶದಿಂದ ನಮಗೆ ವರ್ಷಕ್ಕೆ ಹೇಗೂ ಸರಾಸರಿ 2.4 ಸಿಗುತ್ತದೆ.

ಇಷ್ಟು ಕಡಿಮೆ ಕಿರಣದಲ್ಲಿ ಕಲ್ಲು ಕಾಣುತ್ತದಾ? ಕೆಂಪು ರಾಗಿಯಲ್ಲಿ ಬಿಳಿ ಕಲ್ಲು ಹೆಕ್ಕಲು ಮಬ್ಬು ಬೆಳಕೂ ಸಾಕು. ಅಕ್ಕಿಯಲ್ಲಿ ಹೆಕ್ಕಬೇಕಾದರೆ ಕಿಟಕಿ ಹತ್ತಿರವೇ ಕೂರಬೇಕು. ಸಿಟಿಯಲ್ಲಿ ಕಲ್ಲು ಅಚ್ಚ ಬಿಳಿ, ಸುತ್ತಲಿನ ಮಾಂಸ ಬೂದು. ಚಿತ್ರ ಸ್ವಲ್ಪ ಕಾಳುಕಾಳಾದರೂ ನಡೆಯುತ್ತದೆ. 3 ಮಿ.ಮೀ.ಗಿಂತ ಚಿಕ್ಕದು ತಪ್ಪಬಹುದು, ಆದರೆ ಅಂಥವು ಹೆಚ್ಚಾಗಿ ತಾವೇ ಹೊರಬೀಳುತ್ತವೆ. ತುಂಬಾ ದಪ್ಪ ಇರುವವರಿಗೆ ಮಾತ್ರ ಚಿತ್ರ ತೀರಾ ಮಸುಕಾಗುತ್ತದೆ. ಅವರಿಗೆ ಮಾಮೂಲಿ ಡೋಸೇ ಸರಿ.

ಹೋಗುವಾಗ ಹಳೇ ಫಿಲ್ಮು, ರಿಪೋರ್ಟು ತಗೊಂಡು ಹೋಗಿ. ಗರ್ಭಿಣಿ ಇರಬಹುದೆಂಬ ಸಣ್ಣ ಅನುಮಾನವಿದ್ದರೂ ಮೊದಲೇ ಹೇಳಿ.

ಮುಂದಿನದು ಟೆಕ್ನಿಷಿಯನ್ ಕೆಲಸ. ಮೇಜಿನ ಮೇಲೆ ನಿಮ್ಮನ್ನು ಸರಿಯಾಗಿ ನಡುವೆ ಮಲಗಿಸಬೇಕು. ಇಲ್ಲದಿದ್ದರೆ ಮೈ ಅಳತೆಗೆ ತಕ್ಕಂತೆ ಕಿರಣ ಹೊಂದಿಸುವ ಯಂತ್ರದ ಲೆಕ್ಕವೇ ತಪ್ಪುತ್ತದೆ. ಕಿಡ್ನಿಯ ಮೇಲ್ತುದಿಯಿಂದ ಮೂತ್ರಕೋಶದ ತಳದವರೆಗೆ, ಒಂದೇ ಸುತ್ತು. ಎದೆಯ ಹತ್ತಿರದಿಂದ ಶುರು ಮಾಡುವುದು ದಂಡ. ಕಲ್ಲು ಇದೆಯೋ ಇಲ್ಲವೋ ನೋಡಲು ಕಾಂಟ್ರಾಸ್ಟ್ (ಚಿತ್ರದಲ್ಲಿ ಎದ್ದು ಕಾಣಿಸುವ ಔಷಧಿ) ಕೊಟ್ಟು ಎರಡನೇ ಸುತ್ತು ಹೊಡೆಯುವ ಅಗತ್ಯವೂ ಇಲ್ಲ. ನೀವು ಮಾಡಬೇಕಾದ್ದು ಇಷ್ಟೇ: ಉಸಿರು ಹಿಡಿ ಎಂದಾಗ ಹಿಡಿದು ಅಲುಗಾಡದಿರುವುದು. ಅಲುಗಾಡಿದರೆ ಮತ್ತೊಂದು ಸಲ ತೆಗೆಯಬೇಕಾಗಬಹುದು.

ಮುಗಿದ ಮೇಲೆ ‘ಡೋಸ್ ರಿಪೋರ್ಟ್’ ಪುಟ ಕೇಳಿ. ಯಂತ್ರವೇ ಅದನ್ನು ಬರೆದಿಟ್ಟಿರುತ್ತದೆ, ನಮ್ಮಲ್ಲಿ ಕೇಳುವವರು ಕಡಿಮೆ ಅಷ್ಟೆ. ಅದರಲ್ಲಿ ಡಿಎಲ್‌ಪಿ (DLP) ಎಂಬ ಅಂಕಿ ಇರುತ್ತದೆ, ಇಡೀ ಸ್ಕ್ಯಾನಿಗೆ ಯಂತ್ರ ಬಿಟ್ಟ ಕಿರಣದ ಒಟ್ಟು ಲೆಕ್ಕ ಅದು. ದೊಡ್ಡವರ ಹೊಟ್ಟೆಯ ಸಿಟಿಗೆ ಅದನ್ನು 0.015ರಿಂದ ಗುಣಿಸಿ. 200 ಇದ್ದರೆ 3 ಮಿಲಿಸೀವರ್ಟ್. 650 ಇದ್ದರೆ ಹತ್ತರ ಹತ್ತಿರ. ಆ ಪುಟದ ಫೋಟೊ ತೆಗೆದು ತಾರೀಖಿನ ಜೊತೆ ಮೊಬೈಲಿನಲ್ಲಿ ಇಟ್ಟುಕೊಂಡಿರಿ. ಮತ್ತೆ ನೋವು ಬಂದಾಗ ಡಾಕ್ಟರಿಗೆ ಮೊದಲು ಅದನ್ನೇ ತೋರಿಸಿ.