ಓಟು ಕೇಳಲು ಬಂದವರ ಹತ್ತಿರ ಡಾರ್ವಿನ್ ಬಗ್ಗೆ ಕೇಳುವುದು ಹೇಗೆ

ಮೊದಲು ನನ್ನ ಎಡವಟ್ಟು ಹೇಳಿಬಿಡುತ್ತೇನೆ. 2023ರ ವಿಧಾನಸಭೆ ಚುನಾವಣೆ ಸಮಯ. ಏಪ್ರಿಲ್ ತಿಂಗಳ ಸೆಕೆ. ಜಗುಲಿ ತುಂಬ ಅಪ್ಪೆಮಿಡಿ ಹರಡಿಕೊಂಡು, ಪೆಟ್ಟಾದ ಮಿಡಿಗಳನ್ನು ಬೇರೆ ಮಾಡುತ್ತ ಕೂತಿದ್ದೆ. ಅಭ್ಯರ್ಥಿಯೊಬ್ಬರು ಬಂದರು, ಹಿಂದೆ ಹದಿನೈದು ಜನ. ಕೈ ಮುಗಿದರು. ನಾನೂ ಮುಗಿದೆ. ಬಹಳ ದಿನದಿಂದ ತಲೆಯಲ್ಲಿದ್ದ ಪ್ರಶ್ನೆ ಕೇಳಿಯೇಬಿಟ್ಟೆ: "ವಿಕಾಸದ ಬಗ್ಗೆ ನಿಮ್ಮ ಅಭಿಪ್ರಾಯ ಎಂತ?"

ಅವರ ಮುಖ ಅರಳಿತು. "ವಿಕಾಸ ಬಿಟ್ರೆ ನಮಗೆ ಬೇರೆ ಮಾತೇ ಇಲ್ಲ ಟೀಚರೇ!" ಅಂತ ಶುರು ಮಾಡಿದರು. ಸೇತುವೆ, ಕಾಂಕ್ರೀಟ್ ರಸ್ತೆ, ಬಸ್ ಸ್ಟ್ಯಾಂಡಿನ ಶೆಡ್ಡು. ಹತ್ತು ನಿಮಿಷ. ಗುಂಪಿನ ಹಿಂದೆ ನಿಂತಿದ್ದ ಒಬ್ಬ ಹುಡುಗ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ. ನನ್ನ ಹಳೆಯ ವಿದ್ಯಾರ್ಥಿ.

ಆದ್ದರಿಂದ ಮೊದಲನೇ ಮಾತು ಇದು. "ವಿಕಾಸ" ಅನ್ನಬೇಡಿ. "ಜೀವವಿಕಾಸ" ಅಂದರೂ ಕೆಲವರಿಗೆ ರಸ್ತೆಯೇ ಕಾಣಿಸುತ್ತದೆ. ನೇರವಾಗಿ "ಡಾರ್ವಿನ್ ಪಾಠ" ಅನ್ನಿ. ಹೈಸ್ಕೂಲು ಮೆಟ್ಟಿಲು ಹತ್ತಿದ ಎಲ್ಲರಿಗೂ ಆ ಗಡ್ಡದ ಅಜ್ಜನ ನೆನಪಿರುತ್ತದೆ.

ನಾನು ತೀರ್ಥಹಳ್ಳಿ ತಾಲ್ಲೂಕಿನಲ್ಲಿ 31 ವರ್ಷ ವಿಜ್ಞಾನ ಕಲಿಸಿದವಳು. ನಮ್ಮ ತೋಟದ ಅಂಚಿನಲ್ಲಿ ನಾಗಬನ ಇದೆ. ಪಂಚಮಿಗೆ ಹಾಲೆರೆಯುತ್ತೇನೆ. ಸಂಜೆ ದೇವರಿಗೆ ದೀಪ ಹಚ್ಚುತ್ತೇನೆ. ಮರುದಿನ ಬೆಳಿಗ್ಗೆ ಹೋಗಿ ಜೀವವಿಕಾಸದ ಪಾಠ ಮಾಡುತ್ತಿದ್ದೆ. ಎರಡಕ್ಕೂ ಜಗಳ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಹಾಗಾಗಿ ಅಭ್ಯರ್ಥಿ ದೇವರನ್ನು ನಂಬುತ್ತಾರಾ ಇಲ್ವಾ ಅನ್ನುವುದು ನನ್ನ ಚಿಂತೆ ಅಲ್ಲ. ಆ ನಂಬಿಕೆಯನ್ನು ಮಕ್ಕಳ ಪುಸ್ತಕದೊಳಗೆ ತರುತ್ತಾರಾ ಅನ್ನುವುದು ನನ್ನ ಚಿಂತೆ.

ಸುಮ್ನೆ ಇಲ್ಲದ ಭಯ ಅನ್ನಬೇಡಿ. 2018ರ ಜನವರಿಯಲ್ಲಿ ಕೇಂದ್ರದಲ್ಲಿ ಮಾನವ ಸಂಪನ್ಮೂಲ (ಈಗಿನ ಶಿಕ್ಷಣ) ಖಾತೆಯ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್ ಅವರು, ಡಾರ್ವಿನ್ ಹೇಳಿದ್ದು ವೈಜ್ಞಾನಿಕವಾಗಿ ತಪ್ಪು, ಪಠ್ಯದಲ್ಲಿ ಬದಲಾಗಬೇಕು ಎಂದಿದ್ದರು. ಮಂಗ ಮನುಷ್ಯನಾಗಿದ್ದನ್ನು ನಮ್ಮ ಹಿರಿಯರು ಯಾರೂ ನೋಡಿಲ್ಲ ಅನ್ನುವುದು ಅವರ ವಾದ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಹೇಳಿಕೆ ಕೊಟ್ಟು ಇದನ್ನು ಅಲ್ಲಗಳೆದವು. ಇಂಥ ಮಾತು ಬೇಡ ಎಂದು ಅದೇ ಖಾತೆಯ ಹಿರಿಯ ಸಚಿವ ಪ್ರಕಾಶ್ ಜಾವಡೇಕರ್ ಅವರೇ ಸಿಂಗ್ ಅವರಿಗೆ ತಿಳಿಹೇಳಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆದರೆ 2023ರಲ್ಲಿ, ಕೇಂದ್ರದ ಪಠ್ಯಪುಸ್ತಕ ಸಿದ್ಧಪಡಿಸುವ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕ ತೆರೆದರೆ, "ಅನುವಂಶೀಯತೆ ಮತ್ತು ವಿಕಾಸ" ಎಂದಿದ್ದ ಪಾಠದಲ್ಲಿ ಅನುವಂಶೀಯತೆ ಮಾತ್ರ ಉಳಿದಿತ್ತು. ಕೋವಿಡ್ ಕಾಲದಲ್ಲಿ ಮಕ್ಕಳ ಹೊರೆ ಇಳಿಸಲು ಮಾಡಿದ್ದು ಎಂದರು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಪ್ರತಿಭಟಿಸಿದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಪಾಠ ಇದೆ, ನಿಜ. ಆದರೆ ಕಾಮರ್ಸ್, ಆರ್ಟ್ಸ್ ತೆಗೆದುಕೊಂಡ ಮಗು ಅದನ್ನು ಎಲ್ಲಿ ಓದಬೇಕು? ಅವರಿಗೆ ಹತ್ತನೇ ಕ್ಲಾಸೇ ಕೊನೆ.

ಯಾರಿಗೆ ಕೇಳಬೇಕು

ಗ್ರಾಮ ಪಂಚಾಯಿತಿಗೆ ನಿಂತವರನ್ನು ಬಿಟ್ಟುಬಿಡಿ, ಪಾಪ. ನಲ್ಲಿ ನೀರು, ಚರಂಡಿ ಅವರ ಕೆಲಸ. ಪಠ್ಯಪುಸ್ತಕಕ್ಕೂ ಅವರಿಗೂ ಸಂಬಂಧ ಇಲ್ಲ. ಶಾಸಕ, ಸಂಸದ ಆಗುವವರಿಗೆ ಕೇಳಿ. ಶಿಕ್ಷಣ ಮೊದಲು ರಾಜ್ಯದ ಪಟ್ಟಿಯಲ್ಲಿತ್ತು. 1976ರ 42ನೇ ತಿದ್ದುಪಡಿಯಲ್ಲಿ ಕೇಂದ್ರಕ್ಕೂ ರಾಜ್ಯಕ್ಕೂ ಸೇರಿದ ಪಟ್ಟಿಗೆ ಬಂತು. ಅದೇ ತಿದ್ದುಪಡಿ ಸಂವಿಧಾನಕ್ಕೆ 51ಎ ವಿಧಿಯನ್ನೂ ಸೇರಿಸಿತು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರಜೆಯ ಕರ್ತವ್ಯ ಅನ್ನುವ ಸಾಲು ಅಲ್ಲಿದೆ.

ನಮ್ಮ ಕಡೆಯವರು ಮರೆಯುವುದು ಮೇಲ್ಮನೆಯ ಚುನಾವಣೆ. ಶಿವಮೊಗ್ಗ ಜಿಲ್ಲೆ ನೈರುತ್ಯ ಶಿಕ್ಷಕರ ಕ್ಷೇತ್ರಕ್ಕೂ ನೈರುತ್ಯ ಪದವೀಧರರ ಕ್ಷೇತ್ರಕ್ಕೂ ಸೇರುತ್ತದೆ. ಅಲ್ಲಿ ನಿಂತವರು ಶಿಕ್ಷಣದ ಹೆಸರಿನಲ್ಲೇ ಓಟು ಕೇಳುತ್ತಾರೆ. ಅವರನ್ನಂತೂ ಬಿಡಲೇಬೇಡಿ. ಪಿಂಚಣಿ, ವರ್ಗಾವಣೆ ಎಲ್ಲ ಮಾತಾಡಿದ ಮೇಲೆ ಒಂದೇ ಒಂದು ಪ್ರಶ್ನೆ ಇದಕ್ಕೂ ಇರಲಿ.

ಹೇಗೆ ಕೇಳಬೇಕು

ಮುಖ್ಯ ಗುಟ್ಟು ಇಲ್ಲಿದೆ. ನಂಬ್ತೀರಾ ಇಲ್ವಾ ಅಂತ ಕೇಳಬಾರದು. ಅಮೆರಿಕದವರು ಕೇಳಿ ಕೈ ಸುಟ್ಟುಕೊಂಡಿದ್ದಾರೆ. 2007ರ ಮೇ 3ರಂದು, ಅಧ್ಯಕ್ಷ ಚುನಾವಣೆಗೆ ರಿಪಬ್ಲಿಕನ್ ಪಕ್ಷದ ಟಿಕೆಟ್ ಬಯಸಿದ್ದ ಹತ್ತು ಜನ ಒಂದೇ ವೇದಿಕೆಯಲ್ಲಿದ್ದರು. ಜೀವವಿಕಾಸ ನಂಬದವರು ಯಾರಿದ್ದೀರಿ ಅನ್ನುವ ಪ್ರಶ್ನೆ ಬಂತು. ಸ್ಯಾಮ್ ಬ್ರೌನ್‌ಬ್ಯಾಕ್, ಮೈಕ್ ಹಕಬೀ, ಟಾಮ್ ಟ್ಯಾಂಕ್ರೆಡೊ ಕೈ ಎತ್ತಿದರು. ಥೇಟ್ ನಮ್ಮ ಕ್ಲಾಸಿನಲ್ಲಿ "ಹೋಂವರ್ಕ್ ಮಾಡದವರು ಯಾರು" ಅಂದ ಹಾಗೆ! ಅದೇ ತಿಂಗಳ ಕೊನೆಗೆ ಬ್ರೌನ್‌ಬ್ಯಾಕ್ ಪತ್ರಿಕೆಯಲ್ಲಿ ಉದ್ದದ ಲೇಖನ ಬರೆದರು. ಒಂದು ಜಾತಿಯ ಜೀವಿಯೊಳಗೆ ಸಣ್ಣ ಸಣ್ಣ ಬದಲಾವಣೆ ಆಗುವುದನ್ನು ಒಪ್ಪುತ್ತೇನೆ, ದೇವರಿಗೆ ಜಾಗವೇ ಇಲ್ಲ ಅನ್ನುವ ವಾದ ಮಾತ್ರ ಒಪ್ಪಲ್ಲ ಅನ್ನುವುದು ಅದರ ತಿರುಳು. ಅದೇ ವೇದಿಕೆಯಲ್ಲಿ ಜಾನ್ ಮೆಕೇನ್ "ಹೌದು, ನಂಬುತ್ತೇನೆ" ಎಂದವರು, ಗ್ರ್ಯಾಂಡ್ ಕ್ಯಾನಿಯನ್‌ನ ಸೂರ್ಯಾಸ್ತದಲ್ಲಿ ದೇವರ ಕೈಯೂ ಕಾಣುತ್ತದೆ ಎಂದು ಸೇರಿಸಿದರು. ಆಗುಂಬೆಯ ಸೂರ್ಯಾಸ್ತ ನೋಡಿದವರಿಗೆ ಆ ಮಾತು ಅರ್ಥವಾದೀತು. ಆದರೆ ಇವರಲ್ಲಿ ಯಾರು ಶಾಲೆಯ ಪಾಠಕ್ಕೆ ಕೈ ಹಾಕುತ್ತಾರೆ, ಯಾರು ಹಾಕುವುದಿಲ್ಲ? ಎತ್ತಿದ ಕೈಯಿಂದ ಅದು ಗೊತ್ತಾಗಲಿಲ್ಲ.

ಹಾಗಾಗಿ ಕೆಲಸದ ಪ್ರಶ್ನೆ ಕೇಳಿ. ನಾನು ಈಗ ಕೇಳುವುದು ಹೀಗೆ: "ಹತ್ತನೇ ಕ್ಲಾಸಿನಲ್ಲಿ ಡಾರ್ವಿನ್ ಪಾಠ ಇರಬೇಕಾ? ತೆಗೀಬೇಕು ಅಂತ ಸದನದಲ್ಲಿ ಯಾರಾದ್ರೂ ಅಂದ್ರೆ ನೀವು ಎಂತ ಹೇಳ್ತೀರಿ?" ಇದಕ್ಕೆ ಹೌದು ಅಲ್ಲ ಅಂತ ಜಾರಿಕೊಳ್ಳಲು ಆಗುವುದಿಲ್ಲ.

ಅವರು ನಿಂತಿದ್ದಾಗ ಕೇಳಬೇಡಿ. ಕೂರಿಸಿ, ನೀರು ಬೆಲ್ಲ ಕೊಡಿ. ಮೊಬೈಲ್ ಹಿಡಿದು ವಿಡಿಯೋ ಮಾಡುವ ಹುಡುಗನನ್ನು ತೋಟ ನೋಡಲು ಕಳಿಸಿ. ಕ್ಯಾಮೆರಾ ಇದ್ದರೆ ಅವರು ಮಾತಾಡುವುದು ನಿಮ್ಮ ಜೊತೆ ಅಲ್ಲ.

ಬರುವ ಉತ್ತರಗಳು

ಒಂದು, "ಮಂಗ ಮನುಷ್ಯ ಆಗಿದ್ದನ್ನ ಯಾರು ನೋಡಿದ್ದಾರೆ ಟೀಚರೇ?" ಇದು ಬಂದೇ ಬರುತ್ತದೆ. ಸಿಟ್ಟು ಮಾಡಬೇಡಿ. ಮೂಲಮನೆಯ ಉದಾಹರಣೆ ಕೊಡಿ. ನಮ್ಮ ಮೂಲಮನೆಯಿಂದ ಪಾಲಾಗಿ ಒಂದು ಕವಲು ಹೊಸನಗರಕ್ಕೆ ಹೋಯಿತು, ಒಂದು ಇಲ್ಲಿ ಉಳಿಯಿತು. ಹೊಸನಗರದ ದಾಯಾದಿ ನನ್ನ ಅಜ್ಜ ಅಲ್ಲ. ಇಬ್ಬರಿಗೂ ಒಬ್ಬ ಹಿರಿಯ ಇದ್ದ, ಅಷ್ಟೆ. ತೋಟಕ್ಕೆ ಬರುವ ಮಂಗನೂ ನಾವೂ ಹಾಗೇ ದಾಯಾದಿಗಳು. ಇವತ್ತಿನ ಮಂಗ ಮನುಷ್ಯ ಆಯಿತು ಎಂದು ವಿಜ್ಞಾನ ಹೇಳುವುದೇ ಇಲ್ಲ. ಇನ್ನು ನೋಡಿದವರು ಯಾರು ಅಂದರೆ, ಮುತ್ತಜ್ಜನ ಅಜ್ಜನನ್ನೂ ನಾವು ನೋಡಿಲ್ಲ. ಹಳೆಯ ಕಡತ, ಪಹಣಿ ನೋಡಿ ಒಪ್ಪುತ್ತೇವೆ. ಜೀವಿಗಳ ಕಡತ ಪಳೆಯುಳಿಕೆಯಲ್ಲಿದೆ, ಡಿಎನ್‌ಎಯಲ್ಲಿದೆ. ಪಹಣಿ ಅಂದ ಕೂಡಲೇ ರಾಜಕಾರಣಿಗಳ ಕಿವಿ ನೆಟ್ಟಗಾಗುತ್ತದೆ. ನಾನು ನೋಡಿದ್ದೇನೆ.

ಎರಡು, "ನಮ್ಮ ದಶಾವತಾರದಲ್ಲೇ ಎಲ್ಲ ಇದೆ." ಮೀನು, ಆಮೆ, ಹಂದಿ, ನರಸಿಂಹ, ವಾಮನ. ಕೇಳಲು ಚಂದ. ಬಹಳ ಜನ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಡಾರ್ವಿನ್ ಪುಸ್ತಕ ಬಂದಿದ್ದು 1859ರಲ್ಲಿ. ಬ್ರಹ್ಮ ಸಮಾಜದ ಕೇಶವಚಂದ್ರ ಸೇನ್ ಈ ಹೋಲಿಕೆ ಮಾಡಿದ್ದು 1882ರಲ್ಲಿ. ಡಾರ್ವಿನ್ ಬಂದ ಮೇಲೆ ಹುಟ್ಟಿದ ಹೋಲಿಕೆ ಇದು. ಅಲ್ಲದೆ ಅವತಾರದ ಕಥೆಯಲ್ಲಿ ಬರುವವನು ಒಬ್ಬನೇ ವಿಷ್ಣು, ಪ್ರತಿ ಸಲ ಬೇಕೆಂದೇ ಬರುತ್ತಾನೆ. ವಿಕಾಸಕ್ಕೆ ಬೇಕು ಬೇಡ ಇಲ್ಲ, ಮೆಟ್ಟಿಲೂ ಇಲ್ಲ. ಅದು ಕವಲೊಡೆಯುವ ಮರ. ಚಿಬ್ಬಲಗುಡ್ಡೆಯಲ್ಲಿ ಮಂಡಕ್ಕಿ ಹಾಕಿದರೆ ಬಾಯಿ ತೆರೆದು ಬರುವ ತುಂಗೆಯ ಮೀನು ಆಮೆಯಾಗಲು ಕಾಯುತ್ತ ಕೂತಿಲ್ಲ. ಇಷ್ಟು ಹೇಳಿ, ಮತ್ತೆ ಮೊದಲ ಪ್ರಶ್ನೆಗೇ ಬನ್ನಿ: "ಸರಿ, ಪಾಠ ಇರಬೇಕಾ, ಬೇಡ್ವಾ?" ದಶಾವತಾರ ಅಂದವರು ಅರ್ಧಕ್ಕರ್ಧ ಜನ ಪಾಠ ಇರಲಿ ಅಂತಲೇ ಹೇಳಿದ್ದಾರೆ. ಅವರನ್ನು ಶತ್ರು ಅಂತ ಬರೆದುಕೊಳ್ಳಬೇಡಿ.

ಮೂರು, "ಅದು ಬರೀ ಸಿದ್ಧಾಂತ ಅಲ್ವಾ." ಈ ತೊಂದರೆ ಕನ್ನಡದ್ದೂ ಹೌದು. ಸಿದ್ಧಾಂತ ಅಂದರೆ ರಾಜಕೀಯದವರಿಗೆ ಪಕ್ಷದ ಸಿದ್ಧಾಂತ ನೆನಪಾಗುತ್ತದೆ, ಬೇಕಾದಾಗ ಬದಲಿಸಬಹುದಾದದ್ದು! ವಿಜ್ಞಾನದಲ್ಲಿ ಅದು ಸಾಕ್ಷ್ಯದಿಂದ ಗಟ್ಟಿಯಾದ ವಿವರಣೆ. ಗುರುತ್ವಾಕರ್ಷಣೆಯದ್ದೂ ಸಿದ್ಧಾಂತವೇ. ಕೊನೆಗಾರ ಅಡಿಕೆ ಮರದಲ್ಲಿ ಅದನ್ನು ಮರೆಯುವ ಹಾಗಿಲ್ಲ.

ನಾಲ್ಕು, "ಎರಡನ್ನೂ ಕಲಿಸಲಿ, ಮಕ್ಕಳೇ ತೀರ್ಮಾನ ಮಾಡ್ಲಿ." ಇದು ಎಲ್ಲಕ್ಕಿಂತ ಜಾಣ ಉತ್ತರ. ಇಲ್ಲಿ ಹುಷಾರಾಗಿರಿ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಡೋವರ್ ಎಂಬ ಸಣ್ಣ ಊರಿನ ಶಾಲಾ ಮಂಡಳಿ ಮಾಡಿದ್ದು ಇದನ್ನೇ. ಡಾರ್ವಿನ್ ಪಾಠಕ್ಕೆ ಮೊದಲು, ಬುದ್ಧಿವಂತ ಸೃಷ್ಟಿಕರ್ತನ ವಾದವೂ ಇದೆ ಅನ್ನುವ ಒಂದು ಹೇಳಿಕೆ ಓದಬೇಕು ಎಂದರು. ವಿಜ್ಞಾನದ ಟೀಚರುಗಳು ಓದಲ್ಲ ಎಂದರು. (ಆ ಟೀಚರುಗಳಿಗೆ ನಮ್ಮ ಮನೆಯ ಮಿಡಿ ಉಪ್ಪಿನಕಾಯಿ ಕಳಿಸಬೇಕು ಅನ್ನಿಸಿತ್ತು.) ಪೋಷಕರು ಕೋರ್ಟಿಗೆ ಹೋದರು. ಅದು ವಿಜ್ಞಾನವಲ್ಲ, ಧರ್ಮದ ಬೋಧನೆ ಎಂದು 2005ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ತೀರ್ಪಿಗೂ ಮೊದಲೇ, ನವೆಂಬರ್ ಚುನಾವಣೆಯಲ್ಲಿ, ಮತ್ತೆ ನಿಂತಿದ್ದ ಎಂಟೂ ಸದಸ್ಯರನ್ನು ಊರಿನವರು ಸೋಲಿಸಿದ್ದರು. ಅಭ್ಯರ್ಥಿ ಎರಡನ್ನೂ ಅಂದರೆ, "ಇನ್ನೊಂದು ಯಾವುದು? ಯಾವ ಧರ್ಮದ್ದು?" ಎಂದು ಕೇಳಿ. ಹೆಚ್ಚಿನವರು ಅಲ್ಲಿಗೆ ಗಡಿಯಾರ ನೋಡುತ್ತಾರೆ.

ಭಕ್ತಿ ಜಾಸ್ತಿ ಇರುವ ಅಭ್ಯರ್ಥಿಯ ಹತ್ತಿರ ಮಾತು ಶುರು ಮಾಡಲು ನನ್ನ ಬಳಿ ಒಂದು ಉಪಾಯ ಇದೆ, ಕಾಳಿಂಗ. ಆಗುಂಬೆ ಕಾಡಿನ ಕಾಳಿಂಗ ಸರ್ಪ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಬಹಳ ಕಾಲ ಎಲ್ಲ ದೇಶದ ಕಾಳಿಂಗವೂ ಒಂದೇ ಎಂದಿದ್ದರು. 2024ರಲ್ಲಿ ವಿಜ್ಞಾನಿಗಳು ಅದನ್ನು ನಾಲ್ಕು ಪ್ರಭೇದ ಮಾಡಿದರು. ಪಶ್ಚಿಮ ಘಟ್ಟದ್ದಕ್ಕೆ ಒಫಿಯೋಫೇಗಸ್ ಕಾಳಿಂಗ ಎಂದು ನಮ್ಮ ಕನ್ನಡದ ಹೆಸರೇ ಇಟ್ಟರು. ಕವಲೊಡೆದು ಬೇರೆ ಬೇರೆಯಾದ ದಾಯಾದಿಗಳು ಅನ್ನುವುದೇ ಅದರ ಅರ್ಥ. ಬನದಲ್ಲಿ ಕೈ ಮುಗಿಯುವವರಿಗೆ ಈ ಸುದ್ದಿ ಖುಷಿಯನ್ನೇ ಕೊಡುತ್ತದೆ. ಖುಷಿಯಲ್ಲಿರುವಾಗ ಪ್ರಶ್ನೆ ಕೇಳಿ.

ಎಲ್ಲಿ ನಿಲ್ಲಿಸಬೇಕು

ಅವರ ಮನೆದೇವರು ಯಾರು, ಉಪವಾಸ ಮಾಡ್ತಾರಾ, ಚರ್ಚಿಗೆ ಮಸೀದಿಗೆ ಎಷ್ಟು ಸಲ ಹೋಗ್ತಾರೆ, ಇದೆಲ್ಲ ಕೇಳಬೇಡಿ. ಸಂವಿಧಾನದ 25ನೇ ವಿಧಿ ನಿಮಗಿರುವ ಹಾಗೆ ಅವರಿಗೂ ಇದೆ. ನಾಮಪತ್ರದ ಜೊತೆ ಮಾಡುವ ಪ್ರಮಾಣವನ್ನೇ ನೋಡಿ, ದೇವರ ಹೆಸರಿನಲ್ಲೂ ಮಾಡಬಹುದು, ದೇವರನ್ನು ಬಿಟ್ಟೂ ಮಾಡಬಹುದು. ನಂಬಿಕೆ ಇದ್ದವರೆಲ್ಲ ಡಾರ್ವಿನ್ ವಿರೋಧಿಗಳು ಅಂದುಕೊಳ್ಳುವುದೂ ತಪ್ಪು. ಜೀವವಿಕಾಸದ ದೊಡ್ಡ ವಿಜ್ಞಾನಿ ಡಾಬ್ಜಾನ್ಸ್ಕಿ ಕ್ರೈಸ್ತ ಶ್ರದ್ಧೆ ಇದ್ದವರು. ವಿಕಾಸ ಈಗ ಬರೀ ಊಹೆಯಲ್ಲ ಎಂದು 1996ರಲ್ಲಿ ಹೇಳಿದವರು ಪೋಪ್ ಎರಡನೇ ಜಾನ್ ಪಾಲ್.

ಆದರೆ ಧರ್ಮ ನೋಡಿ ಓಟು ಹಾಕಿ ಅಂದರೆ ಕಥೆ ಬೇರೆ. ಜನಪ್ರತಿನಿಧಿ ಕಾಯ್ದೆ 1951ರ 123(3) ಪ್ರಕಾರ ಅದು ಭ್ರಷ್ಟ ಆಚರಣೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳಲ್ಲಿ ನಾಲ್ವರು ಇದನ್ನು ಇನ್ನೂ ಬಿಗಿ ಮಾಡಿದರು. ಅಭ್ಯರ್ಥಿಯ ಧರ್ಮ ಮಾತ್ರ ಅಲ್ಲ, ಮತದಾರನ ಧರ್ಮ ಎತ್ತಿ ಕೇಳುವುದೂ ತಪ್ಪು. ಕುಕ್ಕರ್ ಕೊಟ್ಟು ದೇವರ ಫೋಟೊ ಮುಟ್ಟಿಸಿ ಆಣೆ ಹಾಕಿಸಲು ಬಂದವರಿಗೆ ಡಾರ್ವಿನ್ ಪ್ರಶ್ನೆ ಕೇಳುವ ಅಗತ್ಯವೇ ಇಲ್ಲ. ಅವರ ದೇವರ ಭಯ ಎಷ್ಟು ಅಂತ ಅಲ್ಲೇ ಗೊತ್ತಾಯಿತು.

ಅವರು ಹೋದ ಮೇಲೆ

ತಕ್ಷಣ ಬರೆದಿಡಿ. ನನ್ನ ಹಳೆಯ ಪಾಠ ಟಿಪ್ಪಣಿ ಪುಸ್ತಕದಲ್ಲಿ ಖಾಲಿ ಹಾಳೆಗಳಿದ್ದವು, ಅದರಲ್ಲೇ ಬರೆಯುತ್ತೇನೆ. ದಿನಾಂಕ, ಹೇಳಿದ ಮಾತು, ಹೇಳಿದ ಹಾಗೇ. ನಿಮ್ಮ ಅಭಿಪ್ರಾಯ ಬೇರೆ ಸಾಲಿನಲ್ಲಿ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಅವರ ಅಫಿಡವಿಟ್ ಸಿಗುತ್ತದೆ. ಓದು, ಆಸ್ತಿ, ಕೇಸು ಎಲ್ಲ ಅಲ್ಲಿರುತ್ತದೆ. ಡಾರ್ವಿನ್ ಬಗ್ಗೆ ಮಾತ್ರ ಕಾಲಂ ಇಲ್ಲ, ಅದನ್ನು ನಾವೇ ತುಂಬಿಕೊಳ್ಳಬೇಕು. ಓದು ನೋಡಿ ಮೋಸ ಹೋಗಬೇಡಿ. ನನ್ನ ಪುಸ್ತಕದಲ್ಲಿ ಅತಿ ಕೆಟ್ಟ ಉತ್ತರ ಕೊಟ್ಟವರು ಬಿಎಸ್ಸಿ ಮಾಡಿದವರು.

ಒಳ್ಳೆಯ ಉತ್ತರ ಬಂದಿದ್ದು 2024ರಲ್ಲಿ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಒಬ್ಬರಿಂದ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ನಂಗೆ ಆ ಪಾಠ ಗೊತ್ತಿಲ್ಲ ಟೀಚರೇ. ಗೊತ್ತಿಲ್ದೇ ಇರೋದನ್ನ ತೆಗೀರಿ ಅಂತ ನಾನು ಹೆಂಗೆ ಹೇಳೋದು?" ಅಂದರು. ಆಮೇಲೆ ಜಗುಲಿಯ ಮೇಲಿದ್ದ ಮಿಡಿಯೊಂದನ್ನು ಮೂಸಿ, ಯಾವ ಮರದ್ದು ಎಂದು ಕೇಳಿದರು. ಹೊಳೆದಂಡೆ ಮರದ್ದು, ಅದರ ಬೀಜ ಬಿತ್ತಿದರೆ ಇದೇ ಪರಿಮಳ ಬರುವುದಿಲ್ಲ, ಕಸಿಯೇ ಕಟ್ಟಬೇಕು ಎಂದೆ. "ಅದ್ಯಾಕೆ?" ಅಂದರು. ಹೊರಗೆ ಜೀಪಿನವನು ಹಾರ್ನ್ ಹೊಡೆಯುತ್ತಿದ್ದ. ಅವರು ಮಾತ್ರ ಮಣೆ ಎಳೆದುಕೊಂಡು ಕೂತರು. ನಾನು ಪಾಠ ಶುರು ಮಾಡಿದೆ.