ಕೈ ಮುರಿದ ಮೇಲೆ ಕಲಿತ ಊಟ

ನಮ್ಮನೆಯವರಿಗೆ ತೋಟದ ಒಂದೊಂದು ಬ್ಲಾಕಿನ ಮಣ್ಣಿನ ಪಿಎಚ್ ಎಷ್ಟು ಅಂತ ಬಾಯಿಪಾಠ. ನಮ್ಮ ಕೊಡಗಿನ ಮಳೆಗೆ ಮಣ್ಣಿನ ಸುಣ್ಣವೆಲ್ಲ ತೊಳೆದು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ, ಕಾಫಿ ಗಿಡ ಸೊರಗುತ್ತದೆ. ಅದಕ್ಕೇ ಮಣ್ಣು ಪರೀಕ್ಷೆ ಮಾಡಿಸಿ, ಲೋಡುಗಟ್ಟಲೆ ಸುಣ್ಣ ತರಿಸಿ ಹಾಕಿಸುತ್ತಾರೆ. ಹೆಂಡತಿಯ ಮೂಳೆಯಲ್ಲಿ ಸುಣ್ಣ, ಅಂದರೆ ಕ್ಯಾಲ್ಸಿಯಂ, ಎಷ್ಟಿದೆ ಅಂತ ಮಾತ್ರ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಮೂರು ವರ್ಷದ ಹಿಂದೆ, ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ. ಕೊಡವರ ಮನೆಗಳಲ್ಲಿ ಕಕ್ಕಡ ಅನ್ನುತ್ತಾರಲ್ಲ, ಅದೇ. ಕೊಟ್ಟಿಗೆಗೆ ಇಳಿಯುವ ಮೆಟ್ಟಿಲಲ್ಲಿ ಪಾಚಿ ಕಟ್ಟಿತ್ತು. ಜಾರಿದೆ, ಕೈ ಊರಿದೆ, ಮಣಿಕಟ್ಟು ಮುರಿಯಿತು. ಆಗ ನನಗೆ 57. ಪ್ಲಾಸ್ಟರ್ ಹಾಕಿದ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: 'ಎಷ್ಟು ಎತ್ತರದಿಂದ ಬಿದ್ರಿ?' ನಿಂತಲ್ಲೇ ಜಾರಿದ್ದು ಅಂದೆ. ನಿಂತ ಎತ್ತರದಿಂದ ಬಿದ್ದಿದ್ದಕ್ಕೇ ಮೂಳೆ ಮುರಿದರೆ ತಪ್ಪು ಬರೀ ಮೆಟ್ಟಿಲಿನದ್ದಲ್ಲ ಅಂದರು. ಮೈಸೂರಿಗೆ ಹೋಗಿ ಮೂಳೆ ಎಷ್ಟು ದಟ್ಟವಾಗಿದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆವು. ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವ ವಯಸ್ಸಿನವರ ಮೂಳೆಗೆ ಹೋಲಿಸಿದ ಅಂಕ, ಮೈನಸ್ 2.7 ಬಂತು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಅದಕ್ಕೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತ, ಅನ್ನುತ್ತಾರೆ. ವಿಟಮಿನ್ ಡಿ ಒಂದು ಮಿಲಿಲೀಟರಿಗೆ 11 ನ್ಯಾನೊಗ್ರಾಂ ಇತ್ತು. 20ಕ್ಕಿಂತ ಕಡಿಮೆ ಇದ್ದರೆ ಕೊರತೆ.

ನನಗೆ ಆಶ್ಚರ್ಯ ಆಗಿದ್ದು ಬೇರೆ. ರಕ್ತದ ಕ್ಯಾಲ್ಸಿಯಂ ಸರಿಯಾಗೇ ಇತ್ತು! ಹೇಗೆ ಅಂತ ಕೇಳಿದೆ. ಹೃದಯ ಬಡಿಯಲು, ಸ್ನಾಯು ಕೆಲಸ ಮಾಡಲು ರಕ್ತದಲ್ಲಿ ಕ್ಯಾಲ್ಸಿಯಂ ಒಂದು ಮಟ್ಟದಲ್ಲಿ ಇರಲೇಬೇಕು. ಊಟದಿಂದ ಬರದಿದ್ದರೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಅನ್ನೋ ನಾಲ್ಕು ಪುಟ್ಟ ಗ್ರಂಥಿಗಳು ಮೂಳೆಯಿಂದ ತೆಗೆಸುತ್ತವೆ. ಮೈಯಲ್ಲಿರುವ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಭಾಗ ಮೂಳೆ ಹಲ್ಲುಗಳಲ್ಲೇ ಇರುವುದರಿಂದ ವರ್ಷಗಟ್ಟಲೆ ತೆಗೆದರೂ ಹೊರಗೆ ಏನೂ ಗೊತ್ತಾಗುವುದಿಲ್ಲ. ಮುಟ್ಟು ನಿಂತ ಮೇಲಿನ ಮೊದಲ ಐದಾರು ವರ್ಷ ಈ ಸೋರಿಕೆ ಜೋರು. ಹಾಗಾಗಿ 'ರಕ್ತದಲ್ಲಿ ಕ್ಯಾಲ್ಸಿಯಂ ನಾರ್ಮಲ್ ಇದೆ' ಅನ್ನೋ ರಿಪೋರ್ಟ್ ನೋಡಿ ಮೂಳೆ ಗಟ್ಟಿಯಾಗಿದೆ ಅಂತ ಖುಷಿಪಡಬೇಡಿ.

ಮನೆಗೆ ಬಂದು ಪ್ಲಾಸ್ಟರ್ ಕೈ ಹೊತ್ತುಕೊಂಡು ನಾನು ಮಾಡಿದ ಮೊದಲ ಕೆಲಸ ತಟ್ಟೆಯ ಲೆಕ್ಕ. ನೀವೂ ಅಲ್ಲಿಂದಲೇ ಶುರು ಮಾಡಿ. ಮೂರು ದಿನ ತಿಂದದ್ದು ಕುಡಿದದ್ದು ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಸುಳ್ಳು ಬರೆಯಬೇಡಿ, ನೋಡುವವರು ಯಾರೂ ಇಲ್ಲ. ನನ್ನದು ಹೀಗಿತ್ತು: ಬೆಳಿಗ್ಗೆ ಬೆಲ್ಲದ ಕಾಫಿ, ಅಕ್ಕಿ ರೊಟ್ಟಿ. ಮಧ್ಯಾಹ್ನ ಅನ್ನ, ಸಾರು, ಮಳೆಗಾಲವಾದ್ದರಿಂದ ಕಣಿಲೆ (ಎಳೆ ಬಿದಿರು) ಪಲ್ಯ. ಸಂಜೆ ಮತ್ತೆ ಬೆಲ್ಲದ ಕಾಫಿ. ರಾತ್ರಿ ನೂಪುಟ್ಟು (ಅಕ್ಕಿ ಶ್ಯಾವಿಗೆ) ಅಥವಾ ಕಡಂಬುಟ್ಟು (ಅಕ್ಕಿ ಕಡುಬು), ಕೋಳಿ ಇಲ್ಲವೇ ಹಂದಿ ಸಾರು. ಅಕ್ಕಿ ಬಿಟ್ಟು ಏನಿದೆ ಹೇಳಿ? 100 ಗ್ರಾಂ ಅಕ್ಕಿಯಲ್ಲಿ ಕ್ಯಾಲ್ಸಿಯಂ ಬರೀ 10 ಮಿಲಿಗ್ರಾಂ ಆಸುಪಾಸು. ಮಾಂಸದಲ್ಲೂ ಅಷ್ಟಕ್ಕಷ್ಟೇ. ನಮಗೆ ಬೇಕಾದದ್ದು ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1200. ಕಾಫಿಗೆ ಹಾಲು ಹಾಕುವ ಅಭ್ಯಾಸವೂ ಈ ಮನೆಯಲ್ಲಿ ಇರಲಿಲ್ಲ.

ನನ್ನ ತವರು ಅರಕಲಗೂಡು ಕಡೆ. ರಾಗಿ ತಿಂದು ಬೆಳೆದವಳು ನಾನು. ಮದುವೆಯಾಗಿ ಭಾಗಮಂಡಲದ ಕಡೆ ಬಂದ ಮೇಲೆ ಮೂವತ್ತು ವರ್ಷ ಮುದ್ದೆ ಮಾಡಲಿಲ್ಲ. ಇಲ್ಲಿ ಯಾರೂ ತಿನ್ನಲ್ಲ, ಒಬ್ಬಳಿಗೆ ಯಾಕೆ ಅಂತ. ಈಗ ಅನಿಸುತ್ತದೆ, ಒಬ್ಬಳಿಗೇ ಮಾಡಿಕೊಳ್ಳಬೇಕಿತ್ತು. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ. ಬೇರೆ ಯಾವ ಧಾನ್ಯವೂ ಹತ್ತಿರಕ್ಕೆ ಬರುವುದಿಲ್ಲ. ಆದರೆ ರಾಗಿಯಲ್ಲಿ ಫೈಟೇಟ್ ಅನ್ನೋ ವಸ್ತುವೂ ಇದೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಬರಿಸಿದರೆ ಆ ಹಿಡಿತ ಸಡಿಲ ಆಗುತ್ತದೆ.

ಮೊಳಕೆ ರಾಗಿ ಹಿಟ್ಟು ಮಾಡುವುದಿದ್ದರೆ ಏಪ್ರಿಲ್ ಒಳಗೆ ಮುಗಿಸಿ. ನಾನು ಮೊದಲ ಸಲ ಜುಲೈಯಲ್ಲಿ ಮಾಡಲು ಹೋಗಿ ಐದು ಕೆ.ಜಿ. ರಾಗಿ ಬೂಸ್ಟು ಹಿಡಿಸಿದೆ. ಒಲೆ ಮೇಲಿನ ಅಟ್ಟದಲ್ಲಿ ಹರಡಿದರೂ ಒಣಗಲಿಲ್ಲ. ಈಗ ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ ಮಾಡುತ್ತೇನೆ. ರಾಗಿ ತೊಳೆದು ರಾತ್ರಿಯಿಡೀ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಇಡಿ. ಒಂದೂವರೆ ದಿನಕ್ಕೆ ಬಿಳಿ ಮೊಳಕೆ ಬರುತ್ತದೆ. ಉದ್ದ ಬೆಳೆಯಲು ಬಿಡಬೇಡಿ, ಕಹಿಯಾಗುತ್ತದೆ. ಕಣದಲ್ಲಿ ಬಟ್ಟೆ ಹಾಸಿ ಎರಡು ದಿನ ಗರಿಗರಿ ಒಣಗಿಸಿ. ಸಣ್ಣ ಉರಿಯಲ್ಲಿ ಪರಿಮಳ ಬರುವಷ್ಟು ಹುರಿದು ಮಿಲ್ ಮಾಡಿಸಿ. ಡಬ್ಬದಲ್ಲಿ ಗಾಳಿ ಆಡದ ಹಾಗೆ ಮುಚ್ಚಿಡಿ.

ಈಗ ನನ್ನ ಒಂದು ದಿನದ ಲೆಕ್ಕ ಹೇಳುತ್ತೇನೆ. ಬೆಳಿಗ್ಗೆ 30 ಗ್ರಾಂ ಈ ಹಿಟ್ಟಿನ ಗಂಜಿ, ಅದಕ್ಕೆ ಒಂದು ಲೋಟ ಹಾಲು. ರಾಗಿಯಿಂದ ನೂರು ಮಿಲಿಗ್ರಾಂ ಕ್ಯಾಲ್ಸಿಯಂ, ಹಾಲಿನಿಂದ 240. ಮಧ್ಯಾಹ್ನ ಅನ್ನದ ಜೊತೆ ಒಂದು ಬಟ್ಟಲು ಮೊಸರು, 180. ನುಗ್ಗೆ ಸೊಪ್ಪಿನ ಪಲ್ಯ ಇದ್ದರೆ 150. ನುಗ್ಗೆ ನಮ್ಮ ಮಳೆಗೆ ಸರಿಯಾಗಿ ಬರುವುದಿಲ್ಲ, ಬೇರು ಕೊಳೆಯುತ್ತದೆ. ಕುಶಾಲನಗರದ ಕಡೆ ಹೋದಾಗ ತಂದು, ಬೇಸಿಗೆಯಲ್ಲಿ ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಇಟ್ಟುಕೊಳ್ಳುತ್ತೇನೆ. ಸಂಜೆ ಎರಡು ಎಳ್ಳುಂಡೆ. ಸಿಪ್ಪೆ ತೆಗೆಯದ ಎಳ್ಳು ಒಂದು ದೊಡ್ಡ ಚಮಚಕ್ಕೆ ಸುಮಾರು 120, ಆದರೆ ಅದರಲ್ಲಿ ಸ್ವಲ್ಪ ಸಿಪ್ಪೆಯಲ್ಲೇ ಸಿಕ್ಕಿಕೊಂಡಿರುತ್ತದೆ. ರಾತ್ರಿ ರಾಗಿ ರೊಟ್ಟಿ ಎರಡು, 240. ಎಲ್ಲ ಸೇರಿದರೆ ಸಾವಿರ ದಾಟುತ್ತದೆ. ಮದುವೆ, ತಿಥಿ ಅಂತ ಹೋದ ದಿನ ಎಲ್ಲಾ ತಲೆಕೆಳಗು, ಅದು ಬೇರೆ ಮಾತು. ದಿನಕ್ಕೆ ಎರಡಿದ್ದ ಕ್ಯಾಲ್ಸಿಯಂ ಮಾತ್ರೆಯನ್ನು ಡಾಕ್ಟರ್ ಒಂದಕ್ಕೆ ಇಳಿಸಿದ್ದು ಈ ಲೆಕ್ಕ ನೋಡಿದ ಮೇಲೆ.

ಎಲ್ಲ ಸೊಪ್ಪೂ ಒಂದೇ ಅಲ್ಲ. ಪತ್ರೊಡೆಯ ಕೆಸದ ಎಲೆಯನ್ನೇ ನೋಡಿ. ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದಲ್ವಾ? ಆ ತುರಿಕೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳದ್ದು. ಅಂದರೆ ಎಲೆಯಲ್ಲಿ ಕ್ಯಾಲ್ಸಿಯಂ ಇದೆ, ಆದರೆ ಬೀಗ ಹಾಕಿಕೊಂಡಿದೆ. ಪಾಲಕ್‌ನದ್ದೂ ಇದೇ ಕಥೆ. ಅದರ ಕ್ಯಾಲ್ಸಿಯಂನಲ್ಲಿ ನೂರಕ್ಕೆ ಐದು ಭಾಗ ಮೈಗೆ ಹತ್ತಿದರೆ ಹೆಚ್ಚು, ಹಾಲಿನದ್ದು ಮೂವತ್ತು ಹತ್ತುತ್ತದೆ. ತಿನ್ನಬೇಡಿ ಅಂತಲ್ಲ, ನಾನಂತೂ ಪತ್ರೊಡೆ ಬಿಡುವವಳಲ್ಲ. ಕ್ಯಾಲ್ಸಿಯಂ ಲೆಕ್ಕಕ್ಕೆ ಸೇರಿಸಬೇಡಿ ಅಷ್ಟೇ. ಆಟಿ ತಿಂಗಳ ಹದಿನೆಂಟನೇ ದಿನ ಮಾಡುವ ಮದ್ದು ಸೊಪ್ಪಿನ ಪಾಯಸವನ್ನೂ ಲೆಕ್ಕಕ್ಕೆ ಸೇರಿಸಿಲ್ಲ. ಅದು ಆ ಬಣ್ಣಕ್ಕೆ, ಪರಿಮಳಕ್ಕೆ.

ಕೈ ಮುರಿದಾಗ ನೆಂಟರೆಲ್ಲ ಕಾಲು ಸೂಪ್ ತಂದುಕೊಟ್ಟರು. ಅವರ ಪ್ರೀತಿ ದೊಡ್ಡದು. ಆದರೆ ಮೂಳೆ ಎಷ್ಟು ಕುದಿಸಿದರೂ ನೀರಿಗೆ ಇಳಿಯುವ ಕ್ಯಾಲ್ಸಿಯಂ ಬಹಳ ಸ್ವಲ್ಪ. ಒಂದು ಲೋಟ ಹಾಲಿಗೆ ಅದು ಸಮ ಅಲ್ಲ. ಅದಕ್ಕಿಂತ ಮತ್ತಿ ಮೀನು ವಾಸಿ. ಹುಳಿ ಹಾಕಿ ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿದರೆ ಮುಳ್ಳು ಮೆತ್ತಗಾಗುತ್ತದೆ, ಮುಳ್ಳಿನ ಸಮೇತ ತಿನ್ನಬಹುದು. ಸ್ವಲ್ಪ ವಿಟಮಿನ್ ಡಿ ಕೂಡ ಸಿಗುತ್ತದೆ. ಜೂನ್, ಜುಲೈ ಎರಡು ತಿಂಗಳು ಕರಾವಳಿಯಲ್ಲಿ ಬೋಟು ಕಡಲಿಗೆ ಇಳಿಯದೆ ಮೀನು ತುಟ್ಟಿಯಾಗುತ್ತದೆ. ಆಗ ನಮಗೆ ಒಣಮೀನೇ ಗತಿ. ಅದನ್ನು ಎರಡು ಸಲ ನೀರು ಬದಲಿಸಿ ನೆನೆಸಿ. ಉಪ್ಪು ಜಾಸ್ತಿಯಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತದೆ. ಮಳೆಗಾಲದ ಉಪ್ಪಿನಕಾಯಿ, ಒಣಮೀನು, ಗಂಜಿ ಮೂರೂ ಸೇರಿದರೆ ಅದೆಷ್ಟು ಉಪ್ಪು, ಯೋಚಿಸಿ.

ಗಂಜಿ ಅಂದಾಗ ನಮ್ಮ ಅತ್ತೆ ನೆನಪಾಗುತ್ತಾರೆ. ಅವರಿಗೆ 84. ಹಲ್ಲು ಹೋದ ಮೇಲೆ ಮಾಂಸ ಬಿಟ್ಟು ಬರೀ ಗಂಜಿಗೆ ಇಳಿದರು. ಬೆನ್ನು ಬಾಗಿದೆ. ವಯಸ್ಸಲ್ವಾ ಅಂತ ನಾವೆಲ್ಲ ಸುಮ್ನೆ ಇದ್ದೆವು. ಬೆನ್ನುಮೂಳೆ ಒಳಗೊಳಗೇ ಕುಸಿದರೂ ಹಾಗೆ ಬಾಗುತ್ತದೆ ಅಂತ ನನ್ನ ಕೈ ಮುರಿದ ಮೇಲೆ ತಿಳಿಯಿತು. ವಯಸ್ಸಿನಲ್ಲಿದ್ದ ಎತ್ತರಕ್ಕಿಂತ 4 ಸೆಂ.ಮೀ. ಇಳಿದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಮೂಳೆ ಅಂದರೆ ಬರೀ ಸುಣ್ಣ ಅಲ್ಲ. ಹಳೇ ಮನೆಗಳಲ್ಲಿ ಬಿದಿರಿನ ದಬ್ಬೆ ಹೆಣೆದು ಅದರ ಮೇಲೆ ಮಣ್ಣು ಮೆತ್ತಿ ಗೋಡೆ ಮಾಡುತ್ತಿದ್ದರು. ಮೂಳೆಯೂ ಹಾಗೇ. ಪ್ರೋಟೀನಿನ ಹೆಣಿಗೆ ಒಳಗಿದೆ, ಕ್ಯಾಲ್ಸಿಯಂ ಮತ್ತು ರಂಜಕ ಅದಕ್ಕೆ ಮೆತ್ತಿದ ಮಣ್ಣು. ದಬ್ಬೆ ಇಲ್ಲದೆ ಮಣ್ಣು ನಿಲ್ಲುವುದಿಲ್ಲ. ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಅಂತ ಲೆಕ್ಕ. 60 ಕೆ.ಜಿ. ಇದ್ದವರಿಗೆ 50 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು 6. ಈಗ ಅತ್ತೆಯ ಗಂಜಿಗೆ ಹೆಸರುಬೇಳೆ ಸೇರಿಸಿ ಬೇಯಿಸುತ್ತೇನೆ. ದಿನಕ್ಕೆ ಒಂದು ಮೊಟ್ಟೆ, ಮೊಸರು, ಮುಳ್ಳು ತೆಗೆದ ಮೀನು ಕೊಡುತ್ತೇನೆ. 'ನನಗ್ಯಾಕೆ ಇಷ್ಟೆಲ್ಲ' ಅಂತ ಬೈದುಕೊಂಡೇ ತಿನ್ನುತ್ತಾರೆ.

ಆ ಹೆಣಿಗೆ ಗಟ್ಟಿಯಾಗಲು ವಿಟಮಿನ್ ಸಿ ಬೇಕು. ನಮ್ಮ ಕೊಡಗಿನ ಕಿತ್ತಳೆ, ನೆಲ್ಲಿಕಾಯಿ, ಸೀಬೆ ಸಾಕು. ಮೆಗ್ನೀಸಿಯಂ ರಾಗಿ, ಕಾಳು, ಸೊಪ್ಪಿನಲ್ಲಿ ಬಂದೇ ಬರುತ್ತದೆ. ವಿಟಮಿನ್ ಕೆ ಹಸಿರು ಸೊಪ್ಪಿನಲ್ಲಿದೆ. ಆದರೆ ರಕ್ತ ಹೆಪ್ಪುಗಟ್ಟದಿರಲಿ ಅಂತ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಇದ್ದಕ್ಕಿದ್ದಂತೆ ಹೆಚ್ಚು ಕಡಿಮೆ ಮಾಡಬಾರದು, ಮೊದಲು ಡಾಕ್ಟರನ್ನು ಕೇಳಿ.

ಇಷ್ಟೆಲ್ಲ ತಿಂದರೂ ವಿಟಮಿನ್ ಡಿ ಇಲ್ಲದಿದ್ದರೆ ಹೆಚ್ಚಿನದು ಹೊರಗೆ ಹೋಗುತ್ತದೆ. ಡಿ ಸಾಕಷ್ಟಿದ್ದರೆ ತಿಂದ ಕ್ಯಾಲ್ಸಿಯಂನಲ್ಲಿ ನೂರಕ್ಕೆ 30ರಿಂದ 40 ಭಾಗ ಕರುಳು ಹೀರುತ್ತದೆ, ಇಲ್ಲದಿದ್ದರೆ 10ರಿಂದ 15. ಬಿಸಿಲಿಗೆ ಚರ್ಮ ತಾನೇ ಡಿ ತಯಾರಿಸುತ್ತದೆ, ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ಬಿಸಿಲೆಲ್ಲಿದೆ? ಬಟ್ಟೆ ಒಣಗಿಸಲೇ ಒಲೆ ಬೇಕು. ಅದಕ್ಕೇ ಅಕ್ಟೋಬರಿನಿಂದ ಮೇವರೆಗಿನ ಬಿಸಿಲು ಬಿಡಬೇಡಿ. ಬೆಳಿಗ್ಗೆ ಏಳರ ಎಳೆ ಬಿಸಿಲು ಹಿತವಾಗಿರುತ್ತದೆ, ಆದರೆ ಡಿ ಮಾಡುವ ಕಿರಣ ಆಗ ತೀರಾ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತು ನೋಡಿ. ತೋಳು, ಮೊಣಕಾಲ ಕೆಳಗೆ ಬಿಸಿಲು ತಾಗುವ ಹಾಗೆ ಇಪ್ಪತ್ತು ನಿಮಿಷ. ಕಿಟಕಿ ಗಾಜಿನ ಹಿಂದೆ ಕೂತರೆ ಪ್ರಯೋಜನ ಇಲ್ಲ. ತೋಟದ ಮರದ ನೆರಳಲ್ಲಿ ದಿನವಿಡೀ ಓಡಾಡಿದರೂ ಅಷ್ಟೇ. ನಮ್ಮನೆಯವರು 'ನಾನು ತೋಟದಲ್ಲೇ ಇರ್ತೀನಿ' ಅಂತ ಜಂಬ ಕೊಚ್ಚುತ್ತಿದ್ದರು. ಒತ್ತಾಯ ಮಾಡಿ ಪರೀಕ್ಷೆ ಮಾಡಿಸಿದೆ, 14 ಬಂತು. ಪೇಟೆಯಿಂದ ತಂದ ಅಣಬೆಯನ್ನು ಹೆಚ್ಚಿ ನಡುಮಧ್ಯಾಹ್ನದ ಬಿಸಿಲಲ್ಲಿ ಒಂದು ಗಂಟೆ ಇಟ್ಟರೆ ಅದರಲ್ಲೂ ಡಿ ಹುಟ್ಟುತ್ತದೆ. ಬೇಸಿಗೆಯಲ್ಲಿ ಹಾಗೆ ಮಾಡುತ್ತೇನೆ.

ಮಳೆಗಾಲಕ್ಕೆ ವಿಟಮಿನ್ ಡಿ ಪುಡಿ ಅಥವಾ ಮಾತ್ರೆ ಬೇಕಾಗಬಹುದು, ಡಾಕ್ಟರ್ ಹೇಳಿದಷ್ಟೇ. 60,000 ಯೂನಿಟ್ಟಿನ ಪೊಟ್ಟಣ ಸಾಮಾನ್ಯವಾಗಿ ವಾರಕ್ಕೊಂದು. ನಮ್ಮ ಪಕ್ಕದ ತೋಟದ ಅಜ್ಜಿಯೊಬ್ಬರು ದಿನಕ್ಕೊಂದರಂತೆ ನುಂಗಿ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದರು. ಡಿ ಜಾಸ್ತಿಯಾದರೆ ವಿಷವೇ. ಕ್ಯಾಲ್ಸಿಯಂ ಮಾತ್ರೆಯಲ್ಲಿ ಕಾರ್ಬೊನೇಟ್ ಇದ್ದರೆ ಊಟದ ಜೊತೆ ತೆಗೆದುಕೊಳ್ಳಿ, ಒಂದು ಸಲಕ್ಕೆ 500 ಮಿಲಿಗ್ರಾಂ ದಾಟಬೇಡಿ. ಕಬ್ಬಿಣದ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಥೈರಾಯ್ಡ್ ಮಾತ್ರೆಗಾದರೆ ನಾಲ್ಕು ಗಂಟೆ. ನನ್ನ ನಾದಿನಿ ಎರಡನ್ನೂ ಒಟ್ಟಿಗೆ ನುಂಗಿ, ಥೈರಾಯ್ಡ್ ಯಾಕೆ ಹತೋಟಿಗೆ ಬರ್ತಿಲ್ಲ ಅಂತ ಆರು ತಿಂಗಳು ತಲೆ ಕೆಡಿಸಿಕೊಂಡಳು. ಕಿಡ್ನಿ ಕಲ್ಲು ಇರುವವರು ಕೇಳದೆ ಮುಟ್ಟಲೇಬೇಡಿ. ವಾಟ್ಸಾಪಿನಲ್ಲಿ ಎಲೆಯಡಿಕೆ ಸುಣ್ಣವನ್ನು ಮೊಸರಿಗೆ ಕಲಸಿ ತಿನ್ನಿ ಅಂತ ಬರುತ್ತಿರುತ್ತದೆ. ಅಳತೆಯಿಲ್ಲದ ಸುಣ್ಣ ತೋಟಕ್ಕೂ ಹಾಕಲ್ಲ, ಹೊಟ್ಟೆಗೆ ಹಾಕ್ತೀರಾ?

ಕಾಫಿ ಬಿಡಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬೇಡ. ಒಂದು ಲೋಟ ಕಾಫಿಗೆ ಹೋಗುವ ಕ್ಯಾಲ್ಸಿಯಂ ಎರಡು ಚಮಚ ಹಾಲಿನಲ್ಲಿ ಬಂದುಬಿಡುತ್ತದೆ. ನಾನು ಬೆಳಗಿನ ಕಾಫಿಗೆ ಹಾಲು ಹಾಕುತ್ತೇನೆ, ಸಂಜೆಯದ್ದು ಬೆಲ್ಲದ್ದೇ. ಸಂಜೆಯ ಪೆಗ್ಗಿನ ವಿಷಯ ಬೇರೆ. ಜಾಸ್ತಿ ಕುಡಿದರೆ ಮೂಳೆಯೂ ಸವೆಯುತ್ತದೆ, ಬೀಳುವುದೂ ಹೆಚ್ಚುತ್ತದೆ. ಯಾರಿಗೆ ಹೇಳಿದ್ದು ಅಂತ ಅವರಿಗೆ ಗೊತ್ತು.

ಇಷ್ಟು ಹೇಳಿ ಒಂದು ಮಾತು ಮುಚ್ಚಿಡಬಾರದು. ನನ್ನಷ್ಟು ಸವೆದ ಮೇಲೆ ಊಟ ಒಂದರಿಂದಲೇ ಆಗುವುದಿಲ್ಲ. ಮೂಳೆ ಸವೆತ ತಡೆಯಲು ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಇದೆ. ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನಲ್ಲಿ ನುಂಗಬೇಕು. ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು, ಕಾಫಿಯನ್ನೂ ಮುಟ್ಟಬಾರದು. ಕೊಡಗಿನ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಕಾಫಿ ಪರಿಮಳ ಬರುತ್ತಿರುವಾಗ ಅರ್ಧ ಗಂಟೆ ಅಂದರೆ ಏನು ಅಂತ ಮಾತ್ರೆ ಮಾಡಿದವರಿಗೆ ಗೊತ್ತಿಲ್ಲ. ಆ ಹೊತ್ತಿನಲ್ಲಿ ನಾನು ತೋಟದ ಏರು ಹತ್ತಿ ಇಳಿದು ಬರುತ್ತೇನೆ. ಭಾರ ಬಿದ್ದರೆ ಮೂಳೆ ಗಟ್ಟಿಯಾಗುತ್ತದೆ, ಕೂತರೆ ಅಲ್ಲ. ಹಿಂದೆ ಬರುವಾಗ ಕೊಟ್ಟಿಗೆ ಮೆಟ್ಟಿಲು ನೋಡುತ್ತೇನೆ. ಪಕ್ಕದಲ್ಲಿ ಹಿಡಿದುಕೊಳ್ಳಲು ಪೈಪು ಹಾಕಿಸಿದ್ದೇವೆ. ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಪಾಚಿ ಉಜ್ಜಿಸುವುದು ಈಗ ನಮ್ಮನೆಯವರ ಕೆಲಸ.