ಮೇಯ್ದ ಕುರಿಯನ್ನು ಕೈಯಿಂದ ನೋಡಿ ಕೊಂಡುಕೊಳ್ಳಬೇಕು

ಈ ಸಲ ಯುಗಾದಿಯ ಮಾರನೆಯ ದಿನದ ಬಾಡೂಟಕ್ಕೆ, ಅಂದರೆ ಹೊಸತೊಡಕಿಗೆ, ನನ್ನ ಮೊಮ್ಮಗ ಫೋನಿನಲ್ಲಿ ಫೋಟೊ ನೋಡಿಯೇ ಟಗರು ಮರಿಯನ್ನು ಗೊತ್ತು ಮಾಡಿದ. ‘ಹೊಲದಲ್ಲಿ ಮೇಯ್ದದ್ದು, ಅಪ್ಪಟ ಬನ್ನೂರು’ ಎಂದು ಮಾರುವವರು ಹೇಳಿದ್ದರಂತೆ. ಗಾಡಿಯಿಂದ ಇಳಿಸಿದ ಮರಿಯ ಗೊರಸು ನೋಡಿದೊಡನೆ ಅದು ದೊಡ್ಡಿ ಬಿಟ್ಟು ಹೊರಗೆ ಬಂದದ್ದೇ ಇಲ್ಲವೆಂದು ನನಗೆ ತಿಳಿಯಿತು. ಬಯಲಿನಲ್ಲಿ ಅಲೆಯುವ ಕುರಿಯ ಗೊರಸು ಕಲ್ಲುಮಣ್ಣಿಗೆ ಸವೆದು ತುದಿ ಮೊಂಡಾಗಿರುತ್ತದೆ. ಹಲಗೆಯ ಅಟ್ಟಣೆಯ ಮೇಲೆ ನಿಂತು ಬೂಸ, ಹಿಂಡಿ ತಿಂದು ಬೆಳೆದದ್ದರ ಗೊರಸು ಹಳೆಯ ಜೋಡಿನ ಮೂತಿಯಂತೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಕಾಲು ಎತ್ತಿ ನೋಡುವಷ್ಟು ವ್ಯವಧಾನವಿಲ್ಲದವರು ಮೇಯ್ದ ಕುರಿಗೆಂದು ಹೆಚ್ಚಿನ ದುಡ್ಡನ್ನು ಏಕೆ ಕೊಡುತ್ತಾರೋ ನನಗೆ ಅರ್ಥವಾಗುವುದಿಲ್ಲ.

ಊರೆಲ್ಲ ಬನ್ನೂರು ಕುರಿ ಎಂದು ಕರೆಯುವ ಈ ತಳಿಯ ಮೂಲ ಮಳವಳ್ಳಿ ತಾಲ್ಲೂಕಿನ ಬಂಡೂರು. ಕುಳ್ಳಗಿನ ಕಾಲು, ಪೀಪಾಯಿಯಂತಹ ಮೈ, ಕೊಂಬಿಲ್ಲದ ತಲೆ, ಜೋಲುವ ಕಿವಿ ಇದರ ಗುರುತು. ಹಿಂದಿನಿಂದ ನೋಡಿದರೆ ತೊಡೆಗಳೆರಡೂ ತುಂಬಿಕೊಂಡು ಕವುಚಿ ಹಾಕಿದ ಲಾಳದಂತೆ ಕಾಣಬೇಕು. ಕಾಲು ಉದ್ದವಾಗಿ, ತೊಡೆಗಳ ನಡುವೆ ಸಂದು ಕಂಡರೆ ಅದು ಬೆರಕೆ. ಬೆರಕೆಯೆಂದು ಹೇಳಿ ಬೆರಕೆಯ ಬೆಲೆಗೆ ಕೊಟ್ಟರೆ ತಕರಾರಿಲ್ಲ.

ಕುರಿ ನೋಡಲು ಬೆಳಿಗ್ಗೆ ಮೇವಿಗೆ ಬಿಡುವ ಮುಂಚೆಯೇ ಹೋಗಬೇಕು. ಜೀವತೂಕದ ಮೇಲೆ ಮಾರುವವರಲ್ಲಿ ಕೆಲವರು ಉಪ್ಪು ಬೆರೆಸಿದ ಬೂಸ ತಿನ್ನಿಸಿ, ಹೊಟ್ಟೆ ತುಂಬ ನೀರು ಕುಡಿಸಿ ತಕ್ಕಡಿಗೆ ಏರಿಸುತ್ತಾರೆ. ನಾನೂ ಒಮ್ಮೆ ಹಾಗೆ ಮೋಸಹೋಗಿ, ನೀರಿಗೆ ಬಾಡಿನ ಬೆಲೆ ತೆತ್ತು ಬಂದವಳೇ. ನ್ಯಾಯವಾಗಿ ತೂಗಿದರೂ ಇಪ್ಪತ್ತು ಕಿಲೋ ಮರಿಯಲ್ಲಿ ಒಂಬತ್ತು, ಹತ್ತು ಕಿಲೋ ಬಾಡು ಸಿಕ್ಕುತ್ತದೆ, ಅಷ್ಟೇ.

ಇನ್ನು ಬೆನ್ನು ಹಿಡಿದು ನೋಡುವ ವಿಚಾರ. ಇದನ್ನು ನನಗೆ ಕಲಿಸಿದವರು ನಮ್ಮ ಅತ್ತೆ. ಕಿರುಗಾವಲಿನ ಸಂತೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಿದ್ದರೆ, ಅತ್ತೆ ಯಾರ ಮಾತಿಗೂ ಕಿವಿಗೊಡದೆ ಕಣ್ಣು ಮುಚ್ಚಿಕೊಂಡು ಕುರಿಯ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದರು. ಕೊನೆಯ ಪಕ್ಕೆಲುಬಿನ ಹಿಂದೆ, ಚಪ್ಪೆಮೂಳೆಗಿಂತ ಮುಂದೆ, ಹೆಬ್ಬೆರಳು ಬೆನ್ನಿನ ಏಣಿನ ಮೇಲೆ ಬರುವಂತೆ, ಉಳಿದ ಬೆರಳುಗಳು ಸೊಂಟದ ಅಂಚಿನ ಕೆಳಗೆ ತೂರುವಂತೆ ಕೈ ಹಾಕಬೇಕು. ಉಣ್ಣೆಯನ್ನು ಸವರಿದರೆ ಏನೂ ತಿಳಿಯುವುದಿಲ್ಲ. ಬೆರಳು ಉಣ್ಣೆಯನ್ನು ಸೀಳಿ ಚರ್ಮವನ್ನು ಮುಟ್ಟಬೇಕು. ಈಗ ನಿಮ್ಮ ಎಡಗೈಯನ್ನು ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ಬೆರಳಾಡಿಸಿ ನೋಡಿ: ಕುರಿಯ ಬೆನ್ನು ಹಾಗೆ ಚುಚ್ಚಿದರೆ ಅದು ಬಡಕಲು, ಮೂಳೆಗೇ ದುಡ್ಡು. ಹೆಬ್ಬೆರಳಿನ ಬುಡದ ಮೆತ್ತೆಯಂತೆ ಒತ್ತಿದರೂ ಮೂಳೆ ಸಿಕ್ಕದಿದ್ದರೆ ಕೊಬ್ಬು ವಿಪರೀತ. ಮೇಯ್ದು ಅಲೆದ ಪ್ರಾಣಿ ಅಷ್ಟು ಕೊಬ್ಬುವುದು ಅಪರೂಪ. ಮುಷ್ಟಿ ಬಿಚ್ಚಿ ಅಂಗೈ ಚಾಚಿದಾಗ ಬೆರಳುಗಳ ಹಿಂಬದಿ ಹೇಗಿರುತ್ತದೆಯೋ, ಅಂದರೆ ಮೂಳೆ ಇದೆಯೆಂದು ತಿಳಿಯಬೇಕು, ಆದರೆ ಚುಚ್ಚಬಾರದು, ಅಂಥ ಮರಿಯನ್ನು ಮರುಮಾತಿಲ್ಲದೆ ಹಿಡಿದುಕೊಳ್ಳಿ.

ಆಮೇಲೆ ಕಣ್ಣಿನ ಕೆಳರೆಪ್ಪೆಯನ್ನು ಬಿಡಿಸಿ ನೋಡಿ. ಒಳಗೆ ಕೆಂಪಗಿರಬೇಕು, ಬಿಳಿಚಿಕೊಂಡಿದ್ದರೆ ಹೊಟ್ಟೆಯ ಹುಳು ರಕ್ತ ಹೀರುತ್ತಿದೆಯೆಂದೇ ಲೆಕ್ಕ. ನಮ್ಮ ನಾಲೆ ಬಯಲಿನಲ್ಲಿ, ಗದ್ದೆಯ ತೇವದಲ್ಲಿ ಮೇಯ್ದ ಕುರಿಗೆ ಬಸವನಹುಳುವಿನ ಮೂಲಕ ಈಲಿಯ (ಪಿತ್ತಜನಕಾಂಗದ) ಹುಳು ತಗಲುವುದುಂಟು; ದವಡೆಯ ಕೆಳಗೆ ನೀರು ತುಂಬಿದ ಊತ ಕಂಡರೆ ವಾಪಸು ಬನ್ನಿ. ಹುಳುವಿನ ಔಷಧಿಯನ್ನು ಯಾವಾಗ ಕುಡಿಸಿದರೆಂದು ಕೇಳುವುದನ್ನು ಮರೆಯಬೇಡಿ, ಮೊನ್ನೆ ಮೊನ್ನೆ ಕುಡಿಸಿದ್ದರೆ ಔಷಧಿಯ ಅಂಶ ಬಾಡಿನಲ್ಲಿ ಉಳಿದಿರುತ್ತದೆ, ಆ ಮರಿ ಬೇಡ. ಬಾಯಿ ತೆರೆಸಿ ಹಲ್ಲು ನೋಡಿ. ಎಲ್ಲವೂ ಹಾಲುಹಲ್ಲಾಗಿರಬೇಕು, ಹೆಚ್ಚೆಂದರೆ ಎರಡು ಶಾಶ್ವತ ಹಲ್ಲು ಮೂಡಿರಬಹುದು. ಗದ್ದೆ ಕುಯ್ದ ಮೇಲಿನ ಕೂಳೆ, ಬದುವಿನ ಗರಿಕೆ, ರೇಷ್ಮೆಹುಳು ತಿಂದು ಮಿಕ್ಕ ಹಿಪ್ಪುನೇರಳೆ ಕಡ್ಡಿ ಇವುಗಳಲ್ಲಿ ಬೆಳೆದ ಮರಿಯ ರುಚಿಯೇ ಬೇರೆ.

ದನದ ಕೊಬ್ಬು ಹಸಿರು ಮೇವಿನಿಂದ ಹಳದಿಗೆ ತಿರುಗುತ್ತದೆಂದು ಎಲ್ಲೋ ಓದಿದ ನನ್ನ ಸೊಸೆ, ಕುರಿಯ ಬಾಡಿನಲ್ಲಿಯೂ ಹಳದಿ ಕೊಬ್ಬನ್ನು ಹುಡುಕುತ್ತಾಳೆ. ಕುರಿ ಎಷ್ಟೇ ಹುಲ್ಲು ಮೇಯಲಿ, ಅದರ ಕೊಬ್ಬು ಬೆಳ್ಳಗೇ ಇರುತ್ತದೆ ತಾಯಿ.

ಕುಯ್ದ ಮೇಲೆ ಈಗಿನವರು ಬಿಸಿ ಆರದ ಬಾಡನ್ನು ತುಂಡು ಮಾಡಿಸಿ ಕವರಿಗೆ ತುರುಕಿ ನೇರವಾಗಿ ಫ್ರೀಜರಿಗೆ ಹಾಕುತ್ತಾರೆ. ಸ್ನಾಯು ಸೆಡೆತುಕೊಂಡು ಬಾಡು ಚಪ್ಪಲಿಯಂತಾಗುವುದು ಇದರಿಂದಲೇ, ಬೈಸಿಕೊಳ್ಳುವುದು ಮಾತ್ರ ಕುರಿ. ಒಟ್ಟಾಗಿ ಕುರಿ ಕುಯ್ದು ಗುಡ್ಡೆ ಹಾಕಿ ಹಂಚಿಕೊಳ್ಳುವ ಗುಡ್ಡೆ ಬಾಡಿನವರಂತೆ ತಂದ ಕೂಡಲೇ ಒಲೆಗೇರಿಸುವುದಾದರೆ ಸರಿ. ಇಲ್ಲವೆಂದರೆ ತೊಡೆಯನ್ನು ಮೂಳೆಸಮೇತ ಇಡಿಯಾಗಿ ತನ್ನಿ, ತೊಳೆಯದೆ ಗಾಳಿಗೆ ಒಂದು ಗಂಟೆಯಷ್ಟು ಆರಲಿ, ಬಟ್ಟೆ ಸುತ್ತಿ ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿಡಿ. ಮೂಳೆಗೆ ಅಂಟಿಕೊಂಡ ಸ್ನಾಯು ಅಷ್ಟಾಗಿ ಕುಗ್ಗುವುದಿಲ್ಲ. ಮಾರನೆಯ ದಿನ ಈಳಿಗೆಮಣೆಯಲ್ಲಿ ಕೊಯ್ದುಕೊಳ್ಳಿ. ಕೊಯ್ದಾದ ಮೇಲೆ ಆ ಮಣೆಯನ್ನು ನೀರಿನಲ್ಲಿ ನೆನೆಹಾಕಿ ತುಕ್ಕು ಹಿಡಿಸದೆ, ಒರೆಸಿ ಒಂದು ತೊಟ್ಟು ಎಣ್ಣೆ ಸವರಿಡಿ. ಮೇಯ್ದ ಮರಿಗೆ ಕೊಬ್ಬು ಕಡಿಮೆಯಾದ್ದರಿಂದ ಕುಕ್ಕರಿನ ಸೀಟಿಗೆ ಅವಸರಪಡಿಸದೆ, ಸಣ್ಣ ಉರಿಯಲ್ಲಿ, ಎಲುಬಿನಿಂದ ಬಾಡು ತಾನಾಗಿ ಬಿಡುವವರೆಗೆ ಬೇಯಿಸಿ.